ಎಲ್ಲರ ಹೆಸರಿನ ಮುಂದೆ

ಚಂದ್ರಮೌಳಿ ಕವರನ್ನು ಮೇಜಿನ ಮೇಲೆ ಎಸೆಯಲಿಲ್ಲ, ಇಟ್ಟ. ಎಸೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪ್ರಭುಸ್ವಾಮಿಗೆ. ಎಸೆದವನ ಸಿಟ್ಟಿಗೆ ಅಲ್ಲಿಗೇ ಒಂದು ಕೊನೆಯುಂಟು. ಮದುವೆಮನೆಯಲ್ಲಿ ಎಲೆಯ ತುದಿಗೆ ಉಪ್ಪಿಡುವ ಹಾಗೆ ಎರಡು ಬೆರಳಲ್ಲಿ ಮೆತ್ತಗೆ ಇಟ್ಟನೆಂದರೆ ಇನ್ನೂ ಬಡಿಸುವುದು ಬಹಳ ಇದೆ ಎಂದೇ ಅರ್ಥ. ಕವರಿನ ಮೇಲೆ ಅಂಟಿಸಿದ್ದ ವಿಳಾಸದ ಚೀಟಿ ಪ್ರಭುಸ್ವಾಮಿಯ ಪ್ರೋಗ್ರಾಮಿನಿಂದಲೇ ಹೊರಬಂದದ್ದು. ಅಕ್ಷರ ದುಂಡಗೆ, ಅಂಚು ನೇರ, ಹಿಂದೆ ಮುಂದೆ ಒಂದು ಖಾಲಿ ಜಾಗವೂ ಹೆಚ್ಚಿಲ್ಲ: ‘ಲಿಂ. ಶ್ರೀ ಎಸ್. ಮಹದೇವಯ್ಯನವರ ಕುಟುಂಬದವರಿಗೆ’. ಕೆಳಗೆ ಜಯಲಕ್ಷ್ಮಿಪುರಂನ ಮನೆಯ ವಿಳಾಸ. ಲಿಂಗೈಕ್ಯರಾದವರ ಹೆಸರಿನ ಮುಂದೆ ಮಾತ್ರ ಇಡುವ ಆ ಒಂದು ಅಕ್ಷರ, ಒಂದು ಸೊನ್ನೆ, ಒಂದು ಚುಕ್ಕಿ. ಮಹದೇವಯ್ಯನವರು ಬದುಕಿದ್ದರು. ಬೆಳಿಗ್ಗೆ ವಾಕಿಂಗ್ ಮುಗಿಸಿ, ಇಡ್ಲಿ ತಿಂದು, ಪೇಪರು ಓದಿ, ಕವರನ್ನು ಆಳಿನ ಕೈಲಿ ರಾಮಕೃಷ್ಣನಗರದ ಈ ಆಫೀಸಿಗೆ ಕಳಿಸಿ, ಆಮೇಲೆ ಫೋನನ್ನೂ ಮಾಡಿದ್ದರು.

“ಏನಂದ್ರು?” ಅಂದ ಪ್ರಭುಸ್ವಾಮಿ.

“‘ಏನಯ್ಯ, ನನ್ನ ಕೂರಿಸ್ಬುಟ್ಟಿದ್ದೀರಲ್ಲ, ಗದ್ದುಗೆ ಎಲ್ಲಿ ಕಟ್ಟಿಸಿದ್ದೀರಿ’ ಅಂದ್ರು.” ಚಂದ್ರಮೌಳಿ ನಗದೆ ಹೇಳಿದ. ತೀರಿಕೊಂಡವರನ್ನು ಕೂರಿಸಿ ಹೂತು, ಮೇಲೆ ಗದ್ದುಗೆ ಕಟ್ಟುವುದು ಅವರಲ್ಲಿ ಪದ್ಧತಿ. “ಅವರು ತಮಾಷೆ ಮಾಡಿದ್ರು ಅಂತ ಸುಮ್ನಿರೋ ಹಾಗಿಲ್ಲ. ಅವರ ಮನೆಯವರು ಪಾರ್ವತಮ್ಮನವರು ನಿನ್ನೆಯಿಂದ ಊಟ ಬಿಟ್ಟಿದ್ದಾರಂತೆ. ಕವರು ಮೊದಲು ಸಿಕ್ಕಿದ್ದು ಅವರ ಕೈಗೆ.”

“ಅವರೊಬ್ಬರದೇನಾ ಹೀಗಾಗಿರೋದು?”

“‘ಕ’ ಅಕ್ಷರದ ತನಕ ಎಲ್ಲರೂ ಗಟ್ಟಿಯಾಗಿದ್ದಾರೆ. ಆಮೇಲೆ ಇಡೀ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಸತ್ತುಹೋಗಿದೆ ಕಣೋ. ನಾನೂ ಹೋಗಿದ್ದೀನಿ. ನೀನೂ ಹೋಗಿದ್ದೀಯ. ನಮ್ಮನೆಗೂ ಬಂತು ಕವರು, ನನ್ನ ಕುಟುಂಬದವರಿಗೆ ಅಂತ.”

ಮಠದ ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿಗಳಿಗೆ ಸುವರ್ಣ ಮಹೋತ್ಸವದ ಆಹ್ವಾನ ಅದು. ಇಬ್ಬರೂ ಆ ಹಾಸ್ಟೆಲ್ಲಿನಲ್ಲಿ ಅನ್ನ ತಿಂದು ಓದಿದವರು, ಮಹದೇವಯ್ಯನವರು ಆಗ ಅಲ್ಲಿ ವಾರ್ಡನ್ನು, ಈಗ ಟ್ರಸ್ಟಿನ ಹಿರಿಯರು. ಅವರ ಒಂದು ಮಾತಿನ ಮೇಲೆ ಈ ಕೆಲಸ ಚಂದ್ರಮೌಳಿಯ ಆಫೀಸಿಗೆ ಬಂದಿತ್ತು. ಊರೊಳಗಿನ ಕವರುಗಳೆಲ್ಲ ಅಂಚೆಗೆ ಬಿದ್ದು ತಲುಪುತ್ತಿದ್ದವು. ಪರಊರಿನವು ಇನ್ನೂ ಮುದ್ರಣವಾಗಬೇಕಿತ್ತು. ಪ್ರಭುಸ್ವಾಮಿ ಚೀಟಿಯನ್ನು ಉಗುರಿನಿಂದ ಕೆರೆದು ನೋಡಿದ. ಗಟ್ಟಿಯಾಗಿ ಅಂಟಿತ್ತು. “ಈಗಲೇ ನೋಡ್ತೀನಿ, ನೀವು ಕೂತ್ಕೊಳ್ಳಿ” ಅಂದ. ನೀವು ಅನ್ನುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ, ಬನಿಯನ್ನು ಬದಲಾಯಿಸಿ ಹಾಕಿಕೊಂಡು, ‘ಲೋ ಮೌಳಿ’ ಎಂದು ಕೂಗಿದ ಬಾಯಿ ಅದೇ. ಬಿ.ಕಾಂ. ಎರಡು ಸಲ ಕೈಕೊಟ್ಟು, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ಸವೆಸಿ, ಆ ಇನ್‌ಸ್ಟಿಟ್ಯೂಟೂ ಮುಚ್ಚಿದ ಮೇಲೆ ಒಂದು ದಿನ ಈ ಮೆಟ್ಟಿಲು ಹತ್ತಿ ಬಂದಾಗ, ಚಂದ್ರಮೌಳಿ ಎದ್ದು ಬಂದು ಭುಜದ ಮೇಲೆ ಕೈಹಾಕಿ, “ನಮ್ಮದೇ ಆಫೀಸು ಕಣೋ, ಬಾ” ಅಂದಿದ್ದ. ಆಗಲೇ ನಾಲಿಗೆ ತಾನಾಗಿ ಹೊರಳಿ, “ನಿಮ್ಮಿಂದ ಉಪಕಾರ ಆಯ್ತು” ಅಂದುಬಿಟ್ಟಿತ್ತು. ಚಂದ್ರಮೌಳಿ ತಿದ್ದಲಿಲ್ಲ. ಒಂದು ಕ್ಷಣ ಕಾದು ನೋಡಿದ್ದ ಪ್ರಭುಸ್ವಾಮಿ, ತಿದ್ದುತ್ತಾನೇನೋ ಅಂತ. ಆ ಕ್ಷಣ ಈಗಲೂ ಮುಗಿದಿಲ್ಲ.

ಪ್ರೋಗ್ರಾಮನ್ನು ತೆರೆದ. ಮಾಸಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದ ಸಿ.ಡಿ.ಯಿಂದ, ಪುಸ್ತಕವಿಲ್ಲದೆ, ಗುರುವಿಲ್ಲದೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತವನು ಅವನು. ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದ, ಬಾರದವರಿಗೂ ಹೇಳುತ್ತಿದ್ದ. ‘ಹೆಸರು’ ಎಂದು ಒಂದು ಕ್ಲಾಸು ಬರೆದಿದ್ದ. ಕ್ಲಾಸು ಅಂದರೆ ಚಕ್ಕುಲಿ ಒರಳಿನ ಹಾಗೆ, ಒಂದು ಅಚ್ಚು. ಒಬ್ಬೊಬ್ಬರ ಹೆಸರನ್ನೂ ಅದರೊಳಗೆ ಹಾಕಿ ಒತ್ತಿದರೆ ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸಿ, ಎರಡೆರಡು ಬಿದ್ದ ಚುಕ್ಕಿ ಒಂದಾಗಿಸಿ, ಇನಿಷಿಯಲ್ಲಿನ ಪಕ್ಕ ಜಾಗ ಬಿಟ್ಟು, ಒಪ್ಪವಾಗಿ ಹೊರಗೆ ಕೊಡಬೇಕು. ಹೆಸರಿನ ಮುಂದೆ ಇಡಬೇಕಾದ ಗುರುತು ಏನಾದರೂ ಇದ್ದರೆ ಅದಕ್ಕೊಂದು ಲಿಸ್ಟು. ತೀರಿಕೊಂಡವರಾದರೆ ಆ ಲಿಸ್ಟಿಗೆ ‘ಲಿಂ.’ ಸೇರಬೇಕು, ಅದು ಇದ್ದರೆ ಕೊನೆಯಲ್ಲಿ ‘ಕುಟುಂಬದವರಿಗೆ’ ಬರಬೇಕು. ಮಹದೇವಯ್ಯನವರ ಹೆಸರೊಂದನ್ನೇ ಕೊಟ್ಟು ಓಡಿಸಿ ನೋಡಿದ. ಶ್ರೀ ಎಸ್. ಮಹದೇವಯ್ಯ ಅಂತ ಬಂತು, ಗುಂಡುಕಲ್ಲಿನ ಹಾಗೆ ಬದುಕಿದ್ದರು. ತನ್ನ ಹೆಸರು ಕೊಟ್ಟ, ತಾನೂ ಬದುಕಿದ್ದ. ಎಲ್ಲರನ್ನೂ ಸಾಲಾಗಿ ಕೊಟ್ಟು ಓಡಿಸಿದ. ‘ಕ’ದಲ್ಲಿ ಲಿಂಗೈಕ್ಯರಾದ ಕರಿಬಸಪ್ಪನವರು ಬಂದರು, ಅಲ್ಲಿಂದ ಮುಂದೆ ಒಬ್ಬರೂ ಉಳಿಯಲಿಲ್ಲ. ಒಬ್ಬನೇ ಬಂದರೆ ಜೀವಂತ, ಸಾಲಿನಲ್ಲಿ ಬಂದರೆ ಹೆಣ. ಕಣ್ಣು ಅದೇ ಸಾಲುಗಳ ಮೇಲೆ ಹೋಗಿ ಬಂದು ಹೋಗಿ ಬಂದು, ಹಿಟ್ಟಿನಲ್ಲಿ ಕೂದಲು ಹುಡುಕಿದ ಹಾಗೆ, ಏನೂ ಸಿಗದೆ ನೀರಾಡಿತು. ಬೆನ್ನ ಹಿಂದೆ ಚಂದ್ರಮೌಳಿ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಿದ್ದದ್ದು ನೆಲದ ಮೂಲಕ ಅವನ ಹಿಮ್ಮಡಿಗೆ ಗೊತ್ತಾಗುತ್ತಿತ್ತು.

“ಸಾರ್” ಅಂದಳು ಅನು.

ಅನು ಎಂ.ಸಿ.ಎ. ಮುಗಿಸಿ ಹೊಸದಾಗಿ ಸೇರಿದ್ದ ಹುಡುಗಿ. ವರುಣದ ಹತ್ತಿರದ ಹಳ್ಳಿ, ಬೇಸಾಯದ ಮನೆ; ಮೇಟಗಳ್ಳಿಯಲ್ಲಿ ಚಿಕ್ಕಮ್ಮನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಅವಳ ಮೊದಲ ಕೆಲಸ ಇದು. ಇಲ್ಲೊಂದು ವರ್ಷ ನಿಂತು ಅನುಭವ ಅಂತ ಒಂದು ಕಾಗದ ಸಿಕ್ಕಿದರೆ ತಂದೆ ಮದುವೆಯ ಮಾತು ಮುಂದಕ್ಕೆ ಹಾಕುತ್ತಾರೆ ಎಂದು ಅವಳೇ ಒಮ್ಮೆ ಟಿಫನ್ ಡಬ್ಬಿ ಬಿಚ್ಚುತ್ತ ಹೇಳಿದ್ದಳು, ನಗುತ್ತಾ, ಬೇರೆ ಯಾರದೋ ವಿಷಯದ ಹಾಗೆ. ಸೇರಿದ ವಾರದಲ್ಲೇ ಅವನಿಗೊಂದು ಪಾಠ ಹೇಳಿದ್ದಳು. ಹೆಸರಿನ ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸುವ ಆಜ್ಞೆ ಬರೆದರೂ ಜಾಗ ಹಾಗೇ ಉಳಿಯುತ್ತಿತ್ತು, ಅವನು ಕಂಪ್ಯೂಟರನ್ನು ಬಯ್ಯುತ್ತಿದ್ದ. “ಸ್ಟ್ರಿಂಗು, ಅಂದ್ರೆ ಈ ಅಕ್ಷರದ ಸಾಲು, ಬದಲಾಗಲ್ಲ ಸಾರ್. ಕತ್ತರಿಸಿದ್ದು ಹೊಸದಾಗಿ ಹುಟ್ಟುತ್ತೆ. ಹುಟ್ಟಿದ್ದನ್ನ ಹೆಸರಿಟ್ಟು ಹಿಡ್ಕೋಬೇಕು, ಇಲ್ದಿದ್ರೆ ಹೊರಟೋಗುತ್ತೆ” ಅಂದಿದ್ದಳು. ಅವಳ ದನಿಯಲ್ಲಿ ಹಮ್ಮಿರಲಿಲ್ಲ, ಅದೇ ಚುಚ್ಚಿತ್ತು. ಗೊತ್ತಿತ್ತು, ಪರೀಕ್ಷೆ ಮಾಡ್ತಿದ್ದೆ ಅಂದಿದ್ದ. ಆಮೇಲೆ ಆ ಪಾಠವನ್ನು ಕಲಿತದ್ದೂ ನಿಜ, ಅಗತ್ಯಕ್ಕಿಂತ ಹೆಚ್ಚು ಕಲಿತದ್ದೂ ನಿಜ: ಈ ಭಾಷೆಯಲ್ಲಿ ಯಾವುದೂ ಬದಲಾಗುವುದಿಲ್ಲ, ಎಲ್ಲರಿಗೂ ಅವರವರದು ಹೊಸದಾಗಿ ಹುಟ್ಟುತ್ತದೆ ಎಂದು ನಂಬಿ ನಿಶ್ಚಿಂತನಾಗಿದ್ದ.

“ಸಾರ್, ಆ ಲಿಸ್ಟು ಕ್ಲಾಸಿನ ಮೇಲ್ಗಡೆನೇ ಇದೆಯಲ್ಲ” ಅವಳು ಬೆರಳಿನಿಂದ ಪರದೆ ಮುಟ್ಟದೆ ತೋರಿಸಿದಳು. “ಅಲ್ಲಿಟ್ರೆ ಅದು ಎಲ್ಲಾರ್ಗೂ ಒಂದೇ. ಹೆಸರು ಸ್ಟ್ರಿಂಗು, ಅದನ್ನ ಒಬ್ಬೊಬ್ರಿಗೂ ಹೊಸದಾಗಿ ಕೊಡ್ತಾ ಇದ್ದೀರಿ, ಅದಕ್ಕೆ ಅದು ಅವರವರದ್ದಾಗುತ್ತೆ. ಲಿಸ್ಟು ಅಂಗಲ್ಲ. ಸೇರಿಸಿದ್ರೆ ಇರೋ ಲಿಸ್ಟಿಗೇ ಸೇರುತ್ತೆ. ಕರಿಬಸಪ್ಪನವರಿಗೆ ಸೇರಿಸಿದ್ದು ಎಲ್ಲಾರ್ಗೂ ಸೇರ್ಕೊಂಬುಡ್ತು. ನಮ್ಮಲ್ಲಿ ಒಂದು ಮನೇಲಿ ಸಾವಾದ್ರೆ ದಾಯಾದಿಗಳಿಗೆಲ್ಲ ಸೂತಕ ಅಂಟುತ್ತಲ್ಲ ಸಾರ್, ಅಂಗೆ.”

“ನಮ್ಮಲ್ಲಿ ಸೂತಕ ಇಲ್ಲ” ಅಂದ ಪ್ರಭುಸ್ವಾಮಿ.

ಅಂದ ಮೇಲೆ, ಹೇಳಬೇಕಾಗಿದ್ದದ್ದು ಅದಲ್ಲ ಅನ್ನಿಸಿತು. ಅವಳು ತೋರಿಸಿದ್ದು ಸರಿಯಾಗಿತ್ತು. ಲಿಸ್ಟನ್ನು ಅಚ್ಚಿನ ತಲೆಯ ಮೇಲೆ ಇಡಬಾರದಿತ್ತು. ಒಬ್ಬೊಬ್ಬರು ಹುಟ್ಟುವಾಗಲೂ ಓಡುವ ಆ ಮೊದಲ ಭಾಗದಲ್ಲಿ ಇಡಬೇಕಿತ್ತು. ಮಗು ಹುಟ್ಟಿದ ಕೂಡಲೇ ಅಯ್ಯನವರನ್ನು ಕರೆಸಿ ಅದರದೇ ಒಂದು ಲಿಂಗ ಕಟ್ಟಿಸುತ್ತಾರಲ್ಲ, ಅಣ್ಣನದು ತಮ್ಮನಿಗಲ್ಲ, ಅಪ್ಪನದು ಮಗನಿಗಲ್ಲ. ತನ್ನ ಕೊರಳಲ್ಲೇ ಇತ್ತು ಪಾಠ, ಅಂಗಿಯೊಳಗೆ ಎದೆಗೆ ಬಡಿಯುತ್ತ. ಆದರೆ ಈಗ ಎದೆಗೆ ಬಡಿಯುತ್ತಿದ್ದದ್ದು ಬೇರೆ. ತೀರಿಕೊಂಡವರ ಹೆಸರುಗಳನ್ನಷ್ಟೇ ಹಿಂದಿನ ತಿಂಗಳು ಬೇರೆ ಮಾಡಿ ಓಡಿಸಿ ನೋಡಿದಾಗ ಎರಡನೆಯವರಿಗೆ ‘ಲಿಂ. ಲಿಂ.’ ಎಂದೂ ಮೂರನೆಯವರಿಗೆ ಮೂರು ಸಲವೂ ಬಂದಿತ್ತು. ಯಾಕೆ ಬಂತು ಎಂದು ಅವನು ಕೇಳಿಕೊಳ್ಳಲಿಲ್ಲ. ಒಮ್ಮೆ ಇದ್ದರೆ ಮತ್ತೆ ಸೇರಿಸಬೇಡ ಎಂದು ಒಂದು ಸಾಲು ಬರೆದು ಬಾಯಿ ಮುಚ್ಚಿಸಿದ್ದ. ಸೋರುವ ಸೂರಿನ ಕೆಳಗೆ ಬಕೆಟ್ಟು ಇಟ್ಟು, ಮನೆ ಸರಿಯಾಯಿತು ಎನ್ನುವವನ ಹಾಗೆ. ಅನು ಆಗಲೂ ಪಕ್ಕದಲ್ಲಿದ್ದಳು. “ಎರಡೆರಡು ಸಲ ಯಾಕ್ ಸಾರ್ ಬಂದಿದ್ದು?” ಅಂದಿದ್ದಳು. “ನಿಲ್ತಲ್ಲ ಈಗ, ನಿಂಗ್ಯಾಕೆ” ಅಂದಿದ್ದ. ಆಮೇಲೆ ಪೂರಾ ಮುದ್ರಣ ಮುಗಿದು, ಮೊದಲ ಹಾಳೆಯನ್ನು ಅವನು ಕಣ್ಣಿಗೊತ್ತಿಕೊಂಡು ನೋಡಿ, ಉಳಿದವನ್ನು ಎಣಿಸಿ ಕಟ್ಟು ಕಟ್ಟಲು ಅವಳಿಗೆ ಕೊಟ್ಟಿದ್ದ. ಕಟ್ಟುತ್ತ ಅವಳು ತಲೆಯೆತ್ತಿ, “ಸಾರ್, ಈ ಲಿಂ. ಅಂದ್ರೆ ಏನು? ಬೋ ಜನಕ್ಕೆ ಇದೆ” ಎಂದು ಕೇಳಿದಳು. ಅವನು ತಲೆಯೆತ್ತಲಿಲ್ಲ. “ಅದು ನಮ್ಮೋರ ಪದ್ಧತಿ. ನಿಂಗೆ ಗೊತ್ತಾಗಲ್ಲ, ಕಟ್ಟು” ಅಂದ. ಆ ಮಾತು ಆಡುವಾಗ ಎಂಥದೋ ಸಣ್ಣ ಸುಖವಾಗಿತ್ತು, ಅದು ಚೆನ್ನಾಗಿ ನೆನಪಿದೆ. ಅವಳಿಗೆ ಎಂ.ಸಿ.ಎ. ಗೊತ್ತು, ಇದು ಗೊತ್ತಿಲ್ಲ.

“ಸಿಕ್ತಾ?” ಅಂದ ಚಂದ್ರಮೌಳಿ ಹಿಂದಿನಿಂದ.

“ಸಿಕ್ತು. ಒಂದು ಸಾಲು ಒಳಗೆ ಹಾಕಿದ್ರೆ ಮುಗೀತು.”

“ಅದು ಸರಿ. ಹೊರಗೆ ಹೋಗೋದಕ್ಕೆ ಮುಂಚೆ ನೋಡ್ಲಿಲ್ವಾ ಯಾರೂ? ಯಾರ್ ನೋಡಿದ್ದು ಇದನ್ನ?”

ಕೋಣೆಯಲ್ಲಿ ಪ್ರಿಂಟರಿನ ಫ್ಯಾನು ತಿರುಗುತ್ತಿತ್ತು. ಅನು ಅವನ ಕಡೆ ನೋಡಿದಳು. ಅವಳ ನೋಟದಲ್ಲಿ ಬೇಡಿಕೆಯೇನೂ ಇರಲಿಲ್ಲ; ಹಿರಿಯರು ಮಾತಾಡುತ್ತಾರೆ ಎಂದು ಕಾಯುವ ಹುಡುಗಿಯ ನೋಟ ಅದು, ಬಸ್ಸಿಗೆ ಕಾಯುವಷ್ಟು ಸಹಜ. ಹಾಸ್ಟೆಲ್ಲಿನಲ್ಲಿ ಏನಾದರೂ ಒಡೆದರೆ ಮಹದೇವಯ್ಯನವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ‘ಯಾರು?’ ಅನ್ನುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ರಾತ್ರಿಯ ಊಟ ಬಂದ್. ಹೊಟ್ಟೆ ಉರಿಯುತ್ತಿದ್ದರೂ ಅದರಲ್ಲಿ ಒಂದು ಬೆಚ್ಚಗಿನ ಸಮಾಧಾನವಿತ್ತು, ಎಲ್ಲರ ತಪ್ಪು ಅಂದರೆ ಯಾರ ತಪ್ಪೂ ಅಲ್ಲ. ಇಲ್ಲಿ ಅಂಗಳದಲ್ಲಿ ನಿಂತವರು ಇಬ್ಬರೇ.

“ಹಾಳೆಗಳನ್ನ ಅನು ಕೈಗೆ ಕೊಟ್ಟಿದ್ದೆ” ಅಂದ ಪ್ರಭುಸ್ವಾಮಿ.

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದನ್ನೇ ಅವನು ಒಳಗೆ ತಿರುಗಿಸಿ ತಿರುಗಿಸಿ ನೋಡಿದ. ಕೊಟ್ಟದ್ದು ನಿಜ, ಅವಳ ಕೈಗೇ ಕೊಟ್ಟದ್ದು ನಿಜ. ಚಂದ್ರಮೌಳಿ ಉಳಿದದ್ದನ್ನು ತಾನೇ ತುಂಬಿಕೊಂಡ. “ಓಹೋ” ಅಂದ. ಅನು ಅವನ ಕಡೆ ಮತ್ತೆ ನೋಡಲಿಲ್ಲ. ಈಗಲಾದರೂ ಹೇಳಬಹುದು, ಇನ್ನೊಂದು ವಾಕ್ಯ ಸೇರಿಸಿದರಾಯಿತು ಎಂದು ಪ್ರಭುಸ್ವಾಮಿ ಅಂದುಕೊಳ್ಳುತ್ತಿರುವಾಗಲೇ ಚಂದ್ರಮೌಳಿ ವ್ಯಾನಿನ ಕೀಲಿಕೈ ಎತ್ತಿಕೊಂಡ. “ನಡೀರಿ. ಮೂರು ಜನಾನೂ ಹೋಗಿ ಕಾಲಿಗೆ ಬಿದ್ದು ಬರೋಣ. ನೀನು ದುಪಟ್ಟಾ ಸರಿ ಮಾಡ್ಕೊಳಮ್ಮ.”

ಕುವೆಂಪುನಗರ ದಾಟಿ, ಯೂನಿವರ್ಸಿಟಿ ಕಡೆಯ ಮರಗಳ ಕೆಳಗೆ ವ್ಯಾನು ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅನು ಕೂತಿದ್ದಳು. ಕನ್ನಡಿಯಲ್ಲಿ ಕಾಣುತ್ತಾಳೇನೋ ಎಂದು ನೋಡಿದರೆ ಅಲ್ಲಿ ಅವನದೇ ಹಣೆ ಕಂಡಿತು, ಬೆಳಗಿನ ವಿಭೂತಿಯ ಮೂರು ಗೆರೆ ಇನ್ನೂ ಅಳಿಸದೆ. ಮಹದೇವಯ್ಯನವರ ಮನೆಯಲ್ಲಿ ಇದು ಒಳ್ಳೆಯದು ಅಂತ ಒಂದು ಯೋಚನೆ ಬಂತು. ಬಂದ ಯೋಚನೆಗೆ ನಾಚಿ ಅವನು ಕಿಟಕಿಯಿಂದ ಹೊರಗೆ ನೋಡಿದ. ಬದುಕಿರುವವರನ್ನು ಸಾಯಿಸಿದ್ದಕ್ಕಿಂತ ಇದು ದೊಡ್ಡದೇನಲ್ಲ, ಅವಳು ಓದಿದವಳು, ಇನ್ನೊಂದು ಕಡೆ ಕೆಲಸ ಸಿಗುತ್ತದೆ. ತನಗೆ ಈ ವಯಸ್ಸಿನಲ್ಲಿ, ಡಿಗ್ರಿಯಿಲ್ಲದವನಿಗೆ, ಮೌಳಿ ಬಿಟ್ಟರೆ ಯಾರು. ಈ ಲೆಕ್ಕವನ್ನು ಅವನು ಬಾಯಿಪಾಠದ ಹಾಗೆ ಹೇಳಿಕೊಂಡ. ಪ್ರತಿ ಸಲವೂ ಅದು ಸರಿಯಾಗಿಯೇ ಬಂತು.

ಮಹದೇವಯ್ಯನವರು ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. “ಬನ್ನಿ ಬನ್ನಿ. ಸತ್ತವರ ಮನೆಗೆ ಬರಿಗೈಲಿ ಬಂದಿದ್ದೀರಲ್ಲೋ, ಒಂದು ಹಾರನಾದ್ರೂ ತರೋದಲ್ವಾ” ಅಂದರು. ಚಂದ್ರಮೌಳಿ ನೇರ ಕಾಲಿಗೆ ಬಿದ್ದ. ಪ್ರಭುಸ್ವಾಮಿಯೂ ಬಿದ್ದ. “ಏಳು, ಏಳು. ನಿಮ್ಮಮ್ಮನ ಸಮಾಧಾನ ಮಾಡಿ ಮೊದಲು. ಆ ಕವರು ಮನೇಲಿ ಇಡಬೇಡಿ ಅಂದ್ಳು. ಒಲೆಗೆ ಹಾಕು ಅಂದೆ. ನಮ್ಮಲ್ಲಿ ಸುಡೋ ಪದ್ಧತಿ ಇಲ್ವಲ್ಲ ಅಂತಾಳೆ. ಇಟ್ಕೊಳ್ಳಂಗೂ ಇಲ್ಲ, ಸುಡಂಗೂ ಇಲ್ಲ, ಅದಕ್ಕೇ ನಿಮಗೇ ವಾಪಸ್ ಕಳಿಸ್ದೆ. ಅಲ್ಲಯ್ಯ ಮೌಳಿ, ಕೂರಿಸೋದೇನೋ ಕೂರಿಸಿದ್ರಿ, ಗದ್ದುಗೆ ಹಾಸ್ಟೆಲ್ ಅಂಗಳದಲ್ಲೇ ಮಾಡ್ತೀರೋ, ಊರಾಚೆನೋ?” ಚಂದ್ರಮೌಳಿ ಈ ಸಲ ಹೊಟ್ಟೆ ಅಲ್ಲಾಡಿಸಿ ನಕ್ಕ. ಮಹದೇವಯ್ಯನವರ ಕಣ್ಣು ಮೂವರ ಮೇಲೂ ಒಮ್ಮೆ ಹರಿದಾಡಿತು, ಹಾಜರಿ ಹಾಕುವ ಹಾಗೆ.

ಪಾರ್ವತಮ್ಮನವರು ಒಳಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಿತ್ತು. “ತಮಾಷೆ ಇವರಿಗೆ” ಅಂದರು. “ಪೋಸ್ಟಿನವನು ಕೊಟ್ಟ, ನಾನು ಕನ್ನಡಕ ಹಾಕ್ಕೊಂಡು ಓದಿದೆ. ಇವರು ಬಾತ್‌ರೂಮಲ್ಲಿದ್ರು, ನೀರಿನ ಸದ್ದು ನಿಂತಿತ್ತು. ಹೋಗಿ ಬಾಗಿಲು ಬಡಿದೆ. ಮಾತಾಡ್ಲಿಲ್ಲ ಇವರು.”

“ಸೋಪು ಹಚ್ಕೊಂಡಿದ್ದೆ ಕಣೆ. ಬಾಯಿ ಬಿಟ್ರೆ ನೊರೆ ಹೋಗ್ತಿತ್ತು.”

“ನೀವು ಸುಮ್ನಿರಿ. ಯಾರಪ್ಪ ಬರೆದಿದ್ದು ಅದನ್ನ?”

ಚಂದ್ರಮೌಳಿ ಅನುವಿನ ಬೆನ್ನ ಹಿಂದೆ ಕೈಯಿಟ್ಟು, ತಳ್ಳದೆ, ಮುಂದೆ ಮಾಡಿದ. “ಹೊಸ ಹುಡುಗಿ ಅಮ್ಮ. ಗೊತ್ತಾಗಿಲ್ಲ ಪಾಪ. ಕ್ಷಮೆ ಕೇಳಮ್ಮ ಅವರನ್ನ.”

ಅನು ಬಗ್ಗಿ ಪಾರ್ವತಮ್ಮನವರ ಪಾದ ಮುಟ್ಟಿದಳು. ಪ್ರಭುಸ್ವಾಮಿ ಜಗುಲಿಯ ಕೆಂಪು ನೆಲದ ಮೇಲಿನ ಒಂದು ಬಿರುಕನ್ನು ಹಿಡಿದುಕೊಂಡು ಅದು ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದ. ಅದು ಅವಳ ಚಪ್ಪಲಿಯಿಲ್ಲದ ಕಾಲಿನ ತನಕ ಹೋಗಿ ನಿಂತಿತ್ತು.

“ಯಾವೂರವ್ವ ನಿಂದು?”

“ವರುಣದತ್ರ, ಅಮ್ಮ.”

“ನಮ್ಮೋರೇನಾ?”

“ಅಲ್ಲ ಅಮ್ಮ. ಬೇಸಾಯದೋರು.”

“ಅದಕ್ಕೇ ಮತ್ತೆ.” ಪಾರ್ವತಮ್ಮನವರ ಮುಖ ಸಡಿಲಾಯಿತು. ಒಂದು ದಿನ ಪೂರ್ತಿ ಅರ್ಥವಾಗದೆ ಕೊರೆಯುತ್ತಿದ್ದದ್ದು ಈಗ ಅರ್ಥವಾದ ಹಾಗೆ ಉಸಿರು ಬಿಟ್ಟರು. “ನಮ್ಮೋರಾಗಿದ್ರೆ ಆ ಅಕ್ಷರ ಬರೆಯೋವಾಗ ಕೈ ನಡುಗ್ತಿತ್ತು. ಗೊತ್ತಿಲ್ಲದೋಳು, ನಿನ್ನೇನಂತ ಅನ್ನಲಿ. ಇನ್ಮೇಲೆ ಕೇಳಿ ತಿಳ್ಕೊಂಡು ಮಾಡವ್ವ, ಆಯ್ತಾ. ತಿಳಿದೋರು ಪಕ್ಕದಲ್ಲೇ ಇರ್ತಾರಲ್ಲ.” ಒಳಗೆ ಹೋಗಿ ಕಾಫಿ ತಂದರು, ಅವಳ ಕೈಗೆ ಎರಡು ಬಾಳೆಹಣ್ಣನ್ನೂ ಕೊಟ್ಟರು. “ತಿನ್ನು, ಸೊರಗಿದ್ದೀಯ.” ಅನು ಹಣ್ಣುಗಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಕೈ ನಡುಗಿರಲಿಲ್ಲವಲ್ಲ, ಎಂದು ಪ್ರಭುಸ್ವಾಮಿ ಯೋಚಿಸುತ್ತಿದ್ದ. ಬರೆಯುವಾಗ ನಡುಗಿರಲಿಲ್ಲ, ಹೆಮ್ಮೆಯಾಗಿತ್ತು. ಅವಳಂಥವರು ಬರೆದಿದ್ದರೆ ಆ ಅಕ್ಷರ ಬರುತ್ತಲೇ ಇರಲಿಲ್ಲ. ಹೆಸರು, ಮನೆ ನಂಬರು, ಬೀದಿ, ಅಷ್ಟೇ ಬರುತ್ತಿತ್ತು, ಯಾರೂ ಸಾಯುತ್ತಿರಲಿಲ್ಲ. ಸತ್ತವರಿಗೆ ಸಲ್ಲಬೇಕಾದ ಗೌರವ ತಪ್ಪಬಾರದು ಎಂದು ಅಷ್ಟು ಆಸ್ಥೆಯಿಂದ ಸೇರಿಸಬಲ್ಲವನು ನಮ್ಮವನೇ ಆಗಿರಬೇಕು. ಕಾಫಿ ತುಂಬ ಚೆನ್ನಾಗಿತ್ತು. ಪೂರ್ತಿ ಕುಡಿದ.

ಹೊರಡುವಾಗ ಚಂದ್ರಮೌಳಿ, ಅನು ಮುಂದೆ ಹೋದರು. ಮಹದೇವಯ್ಯನವರು ಗೇಟಿನ ತನಕ ಬಂದು ಪ್ರಭುಸ್ವಾಮಿಯ ತೋಳು ಹಿಡಿದರು. ಹಿಡಿತ ಹಳೆಯದೇ, ಎಲುಬಿಗೆ ತಾಗುವಂಥದು.

“ಗದ್ದುಗೆ ಮಾತು ಅಂದಾಗ ಆ ಮಗು ನಗ್ಲಿಲ್ಲ, ನೋಡ್ದೆಯಾ?”

“ನೋಡ್ಲಿಲ್ಲ ಸಾರ್.”

“ಅರ್ಥ ಆಗ್ಲಿಲ್ಲ ಅವಳಿಗೆ. ಅದೇನು ಅಂತ್ಲೇ ಗೊತ್ತಿಲ್ಲದೋಳು ಅದನ್ನ ತಂದು ನನ್ನ ಹೆಸರಿನ ಮುಂದೆ ಎಂಗಯ್ಯ ಇಡ್ತಾಳೆ?” ಅವರು ಗೇಟಿನ ಚಿಲಕವನ್ನು ಮೇಲೆ ಕೆಳಗೆ ಆಡಿಸಿದರು. “ಮೌಳಿ ನಕ್ಕ. ನೀನೂ ನಗ್ಲಿಲ್ಲ. ನಿಂಗೆ ಅರ್ಥ ಆಗುತ್ತೆ.”

ಪ್ರಭುಸ್ವಾಮಿಗೆ ಹೆದರಿಕೆಯ ಜೊತೆಗೇ ಒಂದು ಬಗೆಯ ಬಿಡುಗಡೆ. ಈಗ ಇವರೇ ಕೂಗಿ ಹೇಳುತ್ತಾರೆ, ಮೌಳಿಯನ್ನು ವಾಪಸ್ ಕರೆಯುತ್ತಾರೆ, ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತಿದ್ದರಾಯಿತು. ನಿಂತ. ಮಹದೇವಯ್ಯನವರು ತೋಳಿನ ಹಿಡಿತ ಬಿಟ್ಟು ಅಲ್ಲೇ ಎರಡು ಸಲ ತಟ್ಟಿದರು.

“ಹೋಗ್ಲಿ ಬುಡು. ನಮ್ಮ ಹಾಸ್ಟೆಲ್ಲಿನ ಹುಡುಗ ನೀನು. ನಿನ್ನ ಅನ್ನಕ್ಕೆ ನಾನು ಯಾಕೆ ಕಲ್ಲು ಹಾಕಲಿ. ಅವಳಿಗಿನ್ನೂ ವಯಸ್ಸಿದೆ.”

ಅವನು ಮತ್ತೆ ಬಗ್ಗಿ ಅವರ ಕಾಲು ಮುಟ್ಟಿದ. ಯಾಕೆ ಮುಟ್ಟಿದೆ ಅಂತ ವ್ಯಾನಿನಲ್ಲಿ ಕೂತ ಮೇಲೂ ತಿಳಿಯಲಿಲ್ಲ. ಬೈದಿದ್ದರೆ ಹೊರಬಹುದಾಗಿತ್ತು. ಕ್ಷಮಿಸಿದ್ದರೂ ಹೊರಬಹುದಾಗಿತ್ತೇನೋ. ಅವರು ಮಾಡಿದ್ದು ಎರಡೂ ಅಲ್ಲ, ಚಾಪೆ ಸರಿಸಿ ಜಾಗ ಕೊಟ್ಟಿದ್ದರು, ಬಾ, ಇಲ್ಲೇ ಮಲಗು, ನಾವೆಲ್ಲ ಇಲ್ಲೇ ಇದ್ದೀವಿ ಅಂತ.

ಕಾಳಿದಾಸ ರಸ್ತೆಗೆ ತಿರುಗುವಾಗ ಚಂದ್ರಮೌಳಿ ಕನ್ನಡಿ ನೋಡುತ್ತ ಹೇಳಿದ, “ಅನು, ನಾಳೆಯಿಂದ ಬರೋದು ಬೇಡಮ್ಮ. ಬೇಜಾರು ಮಾಡ್ಕೋಬೇಡ. ಟ್ರಸ್ಟಿನವರಿಗೆ ಏನಾದ್ರೂ ಕ್ರಮ ತಗೊಂಡಿದ್ದೀವಿ ಅಂತ ತೋರಿಸ್ಬೇಕಲ್ಲ. ಏನಂತೀಯ ಪ್ರಭು?”

ಕೇಳಿದ್ದ. ನಿಜಕ್ಕೂ ಕೇಳಿದ್ದ, ತಲೆ ಇತ್ತ ತಿರುಗಿಸಿ. ಒಂದು ಸ್ಕೂಟರು ಅಡ್ಡ ಬಂತು, ಚಂದ್ರಮೌಳಿ ಹಾರ್ನ್ ಒತ್ತಿದ.

“ನಿಮ್ಮಿಷ್ಟ” ಅಂದ ಪ್ರಭುಸ್ವಾಮಿ.

“ಸಾರ್, ಇಲ್ಲೇ ಇಳ್ಕೋತೀನಿ” ಅಂದಳು ಅನು. “ಇಲ್ಲಿಂದ ಮೇಟಗಳ್ಳಿಗೆ ಹತ್ರ.” ವ್ಯಾನು ನಿಂತಿತು. ಅವಳು ಬಾಳೆಹಣ್ಣುಗಳನ್ನು ಸೀಟಿನ ಮೇಲೇ ಬಿಟ್ಟು ಇಳಿದು ಬಾಗಿಲನ್ನು ಮೆತ್ತಗೆ ಹಾಕಿದಳು. ಒಂದು ಹತ್ತು ಮಾರು ಹೋದ ಮೇಲೆ ಪ್ರಭುಸ್ವಾಮಿ, “ನನಗೂ ಇಲ್ಲೊಂದು ಸ್ವಲ್ಪ ಕೆಲಸ ಇದೆ, ನೀವು ನಡೀರಿ, ಬರ್ತೀನಿ” ಎಂದು ಇಳಿದ. ಚಂದ್ರಮೌಳಿ ಏನೂ ಕೇಳಲಿಲ್ಲ. “ಪರಊರಿನ ಹಾಳೆ ಇವತ್ತೇ ಹೋಗ್ಬೇಕು ಕಣೋ” ಅಂದ, ಅಷ್ಟೇ.

ಬಸ್‌ಸ್ಟಾಪಿನಲ್ಲಿ ಅವಳೊಬ್ಬಳೇ ನಿಂತಿದ್ದಳು. ಅವನು ಬರುವುದನ್ನು ನೋಡಿ, ಯಾವಾಗಲೂ ಮಾಡುವ ಹಾಗೆ, ಚೂರು ಪಕ್ಕಕ್ಕೆ ಸರಿದು ನೆರಳು ಬಿಟ್ಟುಕೊಟ್ಟಳು. ಬರುವ ದಾರಿಯಲ್ಲಿ ಅವನು ವಾಕ್ಯವನ್ನು ಕಟ್ಟಿಕೊಂಡಿದ್ದ. ತಪ್ಪು ನನ್ನದು, ಮೌಳಿಗೆ ಹೇಳುತ್ತೇನೆ. ಇಷ್ಟು ಸಣ್ಣ ವಾಕ್ಯ. ಮೊದಲ ಪದವನ್ನು ಬಾಯಿಗೆ ತಂದುಕೊಂಡು, “ಅಲ್ಲೇ ಹೇಳಬಹುದಿತ್ತಲ್ಲ ನೀನು” ಅಂದ.

“ನಾನ್ ಹೇಳಿದ್ರೆ ನಂಬ್ತಿದ್ರಾ ಸಾರ್?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವ್ ಹೇಳಿದ್ರೆ ನಂಬೋರು.”

ಅವನು ರಸ್ತೆ ನೋಡಿದ. ಎದುರಿನ ಬೇಕರಿಯಲ್ಲಿ ಯಾರೋ ಪಫ್ಸಿನ ಟ್ರೇ ಇಳಿಸುತ್ತಿದ್ದರು. ಈಗ, ಅಂದುಕೊಂಡ.

“ಸಾರ್, ಇನ್ನೊಂದ್ ವಿಷ್ಯ” ಅಂದಳು ಅನು. “ಹೆಸರಿನ ಕ್ಲಾಸೊಂದೇ ಸರಿ ಮಾಡಿದ್ರೆ ಸಾಕಾಗಲ್ಲ. ಅಂಗೇ ಇರೋದು ಇನ್ನೂ ಮೂರ್ ಕಡೆ ಇದೆ. ಸಂಜೆ ತೋರಿಸೋಣ ಅಂತಿದ್ದೆ. ಊರೊಳಗಿನ ಚೀಟಿಗೆ ಅವು ಬೇಕಿರ್ಲಿಲ್ಲ, ಪರಊರಿನದು ಓಡಿಸಿದ್ರೆ ಅವೂ ಅಂಟ್ಕೋತವೆ.”

“ಮೂರಾ?” ಅಂದ ಅವನು. ಪರಊರಿನ ಹಾಳೆ, ಇವತ್ತೇ. “ಎಲ್ಲೆಲ್ಲಿ?”

“ಊರಿನ ಹೆಸರು ಸರಿ ಮಾಡ್ತೀವಲ್ಲ, ಅದ್ರಲ್ಲಿ ಒಂದು. ತಾಲ್ಲೂಕು ಸೇರಿಸೋ ಲಿಸ್ಟು ಮೇಲ್ಗಡೆ ಇದೆ. ಡಿಗ್ರಿ ಬರೆಯೋದ್ರಲ್ಲಿ ಒಂದು, ಅದೂ ಅಂಗೇ, ಒಬ್ಬ ಡಾಕ್ಟ್ರು ಬಂದ್ರೆ ಆಮೇಲಿಂದ ಎಲ್ಲಾರೂ ಡಾಕ್ಟ್ರಾಗೋಗ್ತಾರೆ.” ಅವಳು ನಕ್ಕಳು, ನಕ್ಕದ್ದನ್ನು ತಾನೇ ಗಮನಿಸಿ ನಿಲ್ಲಿಸಿದಳು. “ಇನ್ನೊಂದು...”

ಮೇಟಗಳ್ಳಿಯ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು.

“ಇನ್ನೊಂದು ಎಲ್ಲಿ?” ಪ್ರಭುಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. ದನಿ ತನಗೇ ಜೋರಾಗಿ ಕೇಳಿಸಿತು. “ಅನು, ಇನ್ನೊಂದು?”

ಬಸ್ಸು ನಿಂತಿತು. ಅವಳು ಹತ್ತಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದುಕೊಂಡು, ಕಂಡಕ್ಟರು ಶಿಳ್ಳೆ ಊದುತ್ತಿದ್ದರೂ ತಾಳ್ಮೆಯಿಂದ, ಮೊದಲ ವಾರ ಹೇಳಿಕೊಟ್ಟ ಹಾಗೆಯೇ ಬಿಡಿಸಿ ಹೇಳಿದಳು. “ಬ್ಯಾಚಿನ ವರ್ಷ ಬರೆಯೋದ್ರಲ್ಲಿ ಸಾರ್. ಮೂರನ್ನೂ ಒಳಗ್ ಹಾಕ್ಬುಡಿ, ಹುಟ್ಟೋವಾಗ್ಲೇ ಹೊಸದು ಸಿಗೋ ಹಂಗೆ. ಆಮೇಲೆ ಒಬ್ರನ್ನೇ ಕೊಟ್ಟು ನೋಡ್ಬೇಡಿ. ಬದುಕಿರೋರು ಸತ್ತೋರು ಬೆರೆಸಿ ಕೊಟ್ಟು ನೋಡಿ.”

“ರೀ ಮೇಡಂ, ಬರ್ತೀರೋ ಪಾಠ ಮಾಡ್ತೀರೋ” ಅಂದ ಕಂಡಕ್ಟರು.

ಅವಳು ಹತ್ತಿದಳು. ಬಸ್ಸು ಹೊರಟಿತು. ಪ್ರಭುಸ್ವಾಮಿ ಅದರ ಹಿಂದೆ ನೋಡುತ್ತ ನಿಂತಿದ್ದವನು ರಾಮಕೃಷ್ಣನಗರದ ದಿಕ್ಕಿಗೆ ಬೇಗ ಬೇಗ ನಡೆಯತೊಡಗಿದ. ಅವಳಿಗೆ ಹೇಳಬೇಕೆಂದು ಕಟ್ಟಿಕೊಂಡು ಬಂದ ವಾಕ್ಯ ಏನೆಂದು ಒಮ್ಮೆ ಯೋಚಿಸಿದ. ಅಷ್ಟರಲ್ಲಿ ನಾಲಿಗೆಯ ಮೇಲಿದ್ದದ್ದು ಜಾರುತ್ತದೆ ಅನ್ನಿಸಿ ಗಾಬರಿಯಾಯಿತು. ಅವ್ವ ಅಂಗಡಿಗೆ ಕಳಿಸಿದ ಹುಡುಗ ದಾರಿಯುದ್ದಕ್ಕೂ ಬೆಲ್ಲ, ಕಡಲೆ, ಬೆಂಕಿಪೊಟ್ಟಣ ಎಂದು ಬಡಬಡಿಸಿಕೊಂಡು ಓಡುವ ಹಾಗೆ, ಮರೆತರೆ ಮತ್ತೆ ಕೇಳಲು ಯಾರೂ ಇಲ್ಲವೆಂದು, ಊರು, ಡಿಗ್ರಿ, ಬ್ಯಾಚು, ಅಂದುಕೊಂಡ. ಊರು, ಡಿಗ್ರಿ, ಬ್ಯಾಚು. ಎದುರು ಬಂದ ಯಾರೋ ಪರಿಚಯದವರು ನಮಸ್ಕಾರ ಅಂದರು. ಅವನು ಬಾಯಿ ಬಿಡಲಿಲ್ಲ.